ರಿವರ್ಸಣ್ಣನ ನಾಲ್ಕು ಟೈರುಗಳು

ಇಟ್ಟಿಗೆ ಗೂಡಿನ ಸಾಲುಮನೆಗಳಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿಗೆ ಅವನು ‘ರೀ’, ಮಗಳಿಗೆ ಅಪ್ಪ, ಮಿಕ್ಕ ಲೋಕಕ್ಕೆಲ್ಲ ರಿವರ್ಸಣ್ಣ. ಗೂಡಿನ ಅಂಗಳದಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಒಂದು ಕಡೆ ಒಣಗಲು ಜೋಡಿಸಿದ ಹಸಿ ಇಟ್ಟಿಗೆಯ ಸಾಲು, ಇನ್ನೊಂದು ಕಡೆ ಮಣ್ಣು ತೋಡಿ ತೋಡಿ ಆದ ಹೊಂಡ. ಬೇರೆ ಡ್ರೈವರುಗಳು ಹೊರಗೇ ನಿಲ್ಲಿಸಿ ಇಟ್ಟಿಗೆಯನ್ನು ತಲೆಹೊರೆಯಲ್ಲಿ ತರಿಸಿಕೊಳ್ಳುತ್ತಿದ್ದರೆ ಇವನು ತನ್ನ ಹಳೆಯ ಪಿಕಪ್ಪನ್ನು ದೂರದಿಂದಲೇ ಹಿಂದುಹಿಂದಕ್ಕೆ ತಂದು ಗೂಡಿನ ಬಾಯಿಗೆ ಸರಿಯಾಗಿ ನಿಲ್ಲಿಸುತ್ತಿದ್ದ. ಒಂದು ಇಟ್ಟಿಗೆಯ ಮೂಲೆಯೂ ಮುಕ್ಕಾಗುತ್ತಿರಲಿಲ್ಲ. ಹಾಗೆ ಬಂದ ಹೆಸರು ಅದು. ಅವನಿಗೂ ಒಳಗೊಳಗೇ ಹೆಮ್ಮೆ ಇತ್ತು, ಯಾಕೆ ಸುಳ್ಳು ಹೇಳಬೇಕು. ಹರೆಯದಲ್ಲಿ ಇದೇ ಹೊಂಡದಲ್ಲಿ ಮಣ್ಣು ತುಳಿದವನು, ಆಮೇಲೆ ಇಟ್ಟಿಗೆ ಹೊತ್ತವನು, ಆಮೇಲೆ ಮಾಲೀಕರ ಗಾಡಿ ತೊಳೆಯುತ್ತಾ ತೊಳೆಯುತ್ತಾ ಸ್ಟೇರಿಂಗ್ ಹಿಡಿಯಲು ಕಲಿತವನು. ಸಾಲುಮನೆಗಳ ಪಾಲಿಗೆ ಇದ್ದ ಒಂದೇ ಒಂದು ಗಾಡಿ ಅವನದು. ಜ್ವರಕ್ಕೂ ಅದೇ, ಮದುವೆಗೂ ಅದೇ, ಹೆಣಕ್ಕೂ ಅದೇ.

ಇಟ್ಟಿಗೆಗೆ ಹೇಳಿ ಮಾಡಿಸಿದ ಮಣ್ಣು ದಾರಿಗೆ ಶನಿ. ಗೂಡಿನಿಂದ ಡಾಂಬರು ರಸ್ತೆಗೆ ಹೋಗುವ ದಾರಿ ಪೂರ್ತಿ ಅದೇ ಜೇಡಿ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಒಂದು ಮಳೆ ಬಿದ್ದರೆ ನಾದಿದ ಹಿಟ್ಟು. ಅದರಲ್ಲಿ ಚಕ್ರ ಹೂತುಹೋಗುವುದಿಲ್ಲ, ಅದಕ್ಕಿಂತ ಕೇಡು: ಮಣ್ಣು ಟೈರಿನ ಸಂದಿಗೊಂದಿಗಳಲ್ಲೆಲ್ಲ ತುಂಬಿಕೊಂಡು ಟೈರನ್ನೇ ಬೋಳು ಮಾಡಿಬಿಡುತ್ತದೆ. ಆಮೇಲೆ ಎಷ್ಟು ಆಕ್ಸಲರೇಟರ್ ತುಳಿದರೂ ಅಷ್ಟೇ, ಗಾಣದೆತ್ತಿನಂತೆ ಇದ್ದಲ್ಲೇ ತಿರುಗುತ್ತದೆ.

ಹೋದ ವರ್ಷ ಮಗಳ ಹೆರಿಗೆ ನೋವು ಶುರುವಾದದ್ದು ಅಂಥದೊಂದು ಮಳೆಯಲ್ಲಿ. ಅಳಿಯ ಅದೇ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುವವನು, ಇಬ್ಬರ ಮನೆಗೂ ನಡುವೆ ನಾಲ್ಕೇ ಬಾಗಿಲು. ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಹೆಂಡತಿಯನ್ನು ಪಕ್ಕಕ್ಕೆ ಹತ್ತಿಸಿ, ಅಳಿಯನನ್ನು ಹಿಂದೆ ನಿಲ್ಲಿಸಿಕೊಂಡು ಹೊರಟ. ದಾರಿಯ ಅರ್ಧಕ್ಕೆ ಗಾಡಿ ನಿಂತಿತು. ಅಳಿಯ ನೂಕಿದ, ಇವನು ಇಳಿದು ಗೋಣಿಚೀಲ ಹಾಸಿದ, ಕಂಬಿ ಹಿಡಿದು ಸಂದಿಯ ಮಣ್ಣು ಕೆರೆದ. ಕೆರೆದಷ್ಟೂ ತುಂಬಿಕೊಂಡಿತು. ಕೊನೆಗೆ ಅಳಿಯ ಓಡಿಹೋಗಿ ಟ್ರಾಕ್ಟರ್ ತಂದು ಎಳೆಸಿ, ಡಾಂಬರು ಮುಟ್ಟಿ, ಗುಡ್ಡದ ರಸ್ತೆ ಹತ್ತಿ ಇಳಿದು ಪಟ್ಟಣದ ಆಸ್ಪತ್ರೆ ತಲುಪುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ, ಎಂದರು ಡಾಕ್ಟರು. ಅವರು ಅದನ್ನು ಬೈಯಲು ಹೇಳಿದ್ದಲ್ಲ, ಹೇಳಿ ಬೇರೆ ಹಾಸಿಗೆಯ ಕಡೆ ಹೋದರು. ಆದರೆ ವಾರ್ಡಿನ ಹೊರಗೆ ಅಳಿಯನ ಅಕ್ಕ ನಿಂತಿದ್ದಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುವ ಹೆಂಗಸು, ಬಾಯಿಗೆ ಬೀಗವಿಲ್ಲ. ಆ ಮನುಷ್ಯನ ಗಾಡಿ ನಂಬಿಕೊಂಡು ಮಗು ಕಳೆದುಕೊಂಡಿರಿ ಎಂದು ಎಲ್ಲರ ಎದುರಿಗೇ ಅಂದಳು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅಂದಿನಿಂದ ರಿವರ್ಸಣ್ಣ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಈಗ ಮಗಳು ಮತ್ತೆ ಬಸುರಿ. ದಿನ ತುಂಬುವುದೂ ಮಳೆ ಕಚ್ಚಿಕೊಂಡು ಹೊಡೆಯುವುದೂ ಒಂದೇ ತಿಂಗಳು. ಕಡೆಯ ಎರಡು ತಿಂಗಳು ನನ್ನ ಕೋಣೆಯಲ್ಲೇ ಬಂದು ಇರಲಿ, ಆಸ್ಪತ್ರೆಗೆ ನಡೆದೇ ಹೋಗಬಹುದು ಎಂದು ಆ ಅಕ್ಕನೇ ಹೇಳಿಕಳಿಸಿದಳು. ಅಳಿಯ ಆ ಮಾತನ್ನು ಮಾವನ ಮುಂದೆ ಇಟ್ಟ ಪಾಪಕ್ಕೆ ಊಟದ ತಟ್ಟೆಯ ಮುಂದೆಯೇ ಬೈಸಿಕೊಂಡ. ನಾನಿಲ್ಲವೇ, ಗಾಡಿ ಇಲ್ಲವೇ, ನನ್ನ ಮಗಳು ಯಾರದೋ ಕೋಣೆಯಲ್ಲಿ ಮುದುಡಿಕೊಂಡು ಯಾಕೆ ಇರಬೇಕು ಎಂದು ಹಾರಾಡಿದ. ಮಗಳು ಅಲ್ಲೇ ಇದ್ದಳು. ಏನೋ ಹೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಗಂಡಸರ ಬುದ್ಧಿಯೇ ಇಷ್ಟು. ಎದೆ ನೋಯುತ್ತಿದ್ದರೆ ಸ್ಪ್ಯಾನರ್ ಹುಡುಕುತ್ತಾರೆ. ರಿವರ್ಸಣ್ಣನ ತಲೆಯಲ್ಲಿ ಹೋದ ವರ್ಷದ ಆ ಮಧ್ಯಾಹ್ನದ ಪೈಕಿ ಉಳಿದಿದ್ದುದೆಲ್ಲ ಟೈರು ಒಂದೇ. ಮಣ್ಣು ಯಾವ ಸಂದಿಯಲ್ಲಿ ಹೇಗೆ ಕೂತಿತ್ತು, ಕಂಬಿ ಎಲ್ಲಿ ಜಾರಿತು, ಹಿಂದಿನ ಎಡಚಕ್ರ ಎಷ್ಟು ಹೊತ್ತು ಸುಮ್ಮನೆ ಸುತ್ತಿತು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬಲ್ಲ. ತಪ್ಪು ಟೈರಿನದು, ಹಾಗಾಗಿ ಸರಿಯೂ ಟೈರಿನಿಂದಲೇ ಆಗಬೇಕು ಎಂದು ತೀರ್ಮಾನಿಸಿ ಒಂದು ದಿನ ಕೆಲಸ ಬಿಟ್ಟು ಪಟ್ಟಣದ ಟೈರ್ ಅಂಗಡಿಗೆ ಹೋದ.

ಅಂಗಡಿಯವನು ತಾಳ್ಮೆಯ ಮನುಷ್ಯ. ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದು ಎದುರಿಗೆ ನಿಲ್ಲಿಸಿದ. ಒಂದು ಆಲ್ ಟೆರೇನ್, ಎಲ್ಲ ನೆಲಕ್ಕೂ ಆಗುವಂಥದು: ಟೈರಿನ ಮೈಮೇಲಿನ ಉಬ್ಬು ರಬ್ಬರ್ ಬಟನ್‌ಗಳು ಹತ್ತಿರ ಹತ್ತಿರ, ಒದ್ದೆ ಡಾಂಬರಿನ ಮೇಲೆ ಹಿಡಿತ ಚೆನ್ನ, ಬ್ರೇಕ್ ಹಾಕಿದಲ್ಲಿ ನಿಲ್ಲುತ್ತದೆ. ಇನ್ನೊಂದು ಮಡ್ ಟೆರೇನ್, ಕೆಸರಿನದು: ಬಟನ್‌ಗಳು ದಪ್ಪ, ನಡುವೆ ಕೈಬೆರಳು ತೂರುವಷ್ಟು ಸಂದು, ತಿರುಗುತ್ತಾ ತಿರುಗುತ್ತಾ ಮಣ್ಣನ್ನು ತಾನೇ ಕಿತ್ತೆಸೆಯುತ್ತದೆ. ಆದರೆ ಡಾಂಬರಿಗೆ ಬಂದರೆ ರಸ್ತೆ ಮುಟ್ಟುವ ರಬ್ಬರೇ ಕಡಿಮೆ, ಮಳೆಯಲ್ಲಿ ಜಾರುತ್ತದೆ, ಗುಂಯ್ ಎಂದು ಕೂಗುತ್ತದೆ, ಕೂತವರ ಮೈ ಅದುರಿಸುತ್ತದೆ. ಗಾಡಿ ಎಲ್ಲಿ ಓಡುತ್ತದೆ ಎಂದು ಅಂಗಡಿಯವನು ಕೇಳಿದ. ರಿವರ್ಸಣ್ಣ ದಾರಿ ಹೇಳಿದ. ಮೊದಲು ಜೇಡಿಮಣ್ಣು, ಆಮೇಲೆ ತಿರುವು ತಿರುವಿನ ಗುಡ್ಡದ ರಸ್ತೆ. ಅಂಗಡಿಯವನು ಗಲ್ಲ ಕೆರೆದುಕೊಂಡ.

ಅತ್ತ ದರಿ, ಇತ್ತ ಪುಲಿ. ಎಲ್ಲ ನೆಲದ್ದನ್ನು ಹಾಕಿಸಿದರೆ ಜೇಡಿಯಿಂದ ಹೊರಗೇ ಬರಲಾಗದಿರಬಹುದು. ಕೆಸರಿನದನ್ನು ಹಾಕಿಸಿದರೆ ಹೊರಗೆ ಬಂದು ಗುಡ್ಡದ ಮೇಲೆ ಪ್ರಾಣ ಬಿಡಬಹುದು. ನಾಲ್ಕರ ಒಂದು ಸೆಟ್ಟು ಕೊಳ್ಳುವುದೇ ಹೆಚ್ಚು, ಎರಡಂತೂ ಕನಸು. ಅಂದು ಬರಿಗೈಯಲ್ಲಿ ವಾಪಸಾದ. ಮತ್ತೆ ಹೋದ, ಮತ್ತೆ ಬಂದ. ರಸ್ತೆಯಲ್ಲಿ ನಿಂತ ಕಂಡಕಂಡವರ ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಟೈರಿನ ಸಂದಿಗೆ ಬೆರಳಿಟ್ಟು ನೋಡುವುದು ಚಾಳಿಯಾಯಿತು. ಕಳ್ಳನೆಂದುಕೊಂಡು ಒಬ್ಬ ಲಾರಿಯವನು ಕೂಗಾಡಿದ. ಡಾಂಬರು ಶುರುವಾಗುವಲ್ಲಿನ ಪಂಚರ್ ಅಂಗಡಿಯಲ್ಲಿ ಸಾಲ ಮಾಡಿಯಾದರೂ ಇನ್ನೊಂದು ಸೆಟ್ಟು ಇಟ್ಟು ಅಲ್ಲೇ ಬದಲಾಯಿಸಿಕೊಂಡು ಹೋದರೆ ಹೇಗೆ ಎಂದು ಒಂದು ದಿನ ಹೆಂಡತಿಯನ್ನು ಕೇಳಿದ. ಅವಳು ಬಟ್ಟೆ ಹಿಂಡುತ್ತಿದ್ದಳು. ನೋವು ತಿನ್ನುತ್ತಿರುವವಳಿಗೆ ನಾಲ್ಕು ಚಕ್ರ ಬಿಚ್ಚಿ ಹಾಕೋವರೆಗೂ ತಡೆದುಕೊಳ್ಳಮ್ಮ ಅಂತ ನೀವೇ ಹೇಳಿ, ನನ್ನ ಬಾಯಲ್ಲಿ ಬರಲ್ಲ ಎಂದಳು. ತಮಾಷೆಯಂತೆಯೇ ಹೇಳಿದ್ದು, ನಗು ಇಬ್ಬರಿಗೂ ಬರಲಿಲ್ಲ.

ನಿದ್ದೆ ಕೆಟ್ಟಿತು, ಊಟ ರುಚಿಸಲಿಲ್ಲ. ಮಗಳು ಎದುರಿಗೆ ಬಂದರೆ ಅವಳ ಹೊಟ್ಟೆಯ ಮೇಲೆ ಒಮ್ಮೆ, ಆಕಾಶದ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಕೆಲಸವಿದೆ ಎಂದು ಜಾರಿಕೊಳ್ಳುತ್ತಿದ್ದ. ಹೇಗಿದ್ದೀಯ ಎಂದು ಕೇಳಲು ಭಯ. ಭಯ ಎಂದು ಒಪ್ಪಿಕೊಳ್ಳಲು ಇನ್ನೂ ಭಯ.

ಯಾವುದನ್ನೂ ಬಿಡಲಾರದವನು ಕೊನೆಗೆ ಎರಡನ್ನೂ ಹಿಡಿದ. ಗಾಡಿಯನ್ನು ನೂಕುವುದು ಹಿಂದಿನ ಚಕ್ರ, ಆದ್ದರಿಂದ ಹಿಂದಕ್ಕೆ ಎರಡು ಕೆಸರಿನದು. ದಾರಿ ಹಿಡಿಯುವುದು ಮುಂದಿನ ಚಕ್ರ, ಆದ್ದರಿಂದ ಮುಂದಕ್ಕೆ ಎರಡು ಎಲ್ಲ ನೆಲದ್ದು. ಇದು ಹೊಳೆದ ದಿನ ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡಿತು. ಹುಚ್ಚಪ್ಪನಿಗೆ ಹೊಳೆದದ್ದೇ ಶಾಸ್ತ್ರ. ಅಂಗಡಿಯವನು ಮಾತ್ರ ಕೈ ಅಡ್ಡ ಆಡಿಸಿದ.

“ಬೇಡಣ್ಣಾ. ಒದ್ದೆ ರಸ್ತೇಲಿ ಮುಂದಿನದು ಹಿಡ್ಕೊಳ್ಳುತ್ತೆ, ಹಿಂದಿನದು ಹಿಡ್ಕೊಳ್ಳಲ್ಲ. ಇಳಿಜಾರಲ್ಲಿ ಬ್ರೇಕ್ ತುಳಿದ್ರೆ ಹಿಂಭಾಗ ತಾನೇ ಮುಂದೆ ಬಂದುಬಿಡುತ್ತೆ. ಹಾಕಿದ್ರೆ ನಾಲ್ಕೂ ಒಂದೇ ಜಾತೀದು ಹಾಕು.”

ಈ ಕೈ ಸ್ಟೇರಿಂಗ್ ಮೇಲೆ ಇರುವವರೆಗೆ ಹಿಂಭಾಗ ಹಿಂದೆಯೇ ಇರುತ್ತದೆ ಎಂದ ರಿವರ್ಸಣ್ಣ. ಅಂಗಡಿಯವನು ಎರಡು ಸಲ ಹೇಳಿದ, ಮೂರನೆಯ ಸಲ ಹೇಳಲಿಲ್ಲ. ಗಿರಾಕಿ ತಾನೇ, ಕೇಳಿದ ಹಾಗೇ ಹಾಕಿಕೊಟ್ಟ.

ಮೊದಲ ದೊಡ್ಡ ಮಳೆ ಬಿದ್ದ ಮರುಬೆಳಗ್ಗೆ ಅವನು ಪರೀಕ್ಷೆಗೆ ಹೊರಟ. ಗೂಡಿನವರಿಗೆ ಮಾತ್ರ ಹೊಳೆಯುವ ಪರೀಕ್ಷೆ ಅದು. ಅಚ್ಚಿನಿಂದ ತೆಗೆದು ನೆರಳಲ್ಲಿ ಕೊಂಚವೇ ಆರಿದ ಹಸಿ ಇಟ್ಟಿಗೆಗಳನ್ನು ತಂದು ಮಗಳು ಕೂರುವ ಸೀಟಿನ ಮೇಲೆ ಒದ್ದೆ ಗೋಣಿ ಹಾಸಿ, ಒಂದರ ಮೇಲೊಂದು ಎದೆಮಟ್ಟ ಪೇರಿಸಿ ಬೆಲ್ಟು ಸುತ್ತಿದ. ಹಸಿ ಇಟ್ಟಿಗೆಗೆ ಬೆರಳು ತಾಗಿದರೂ ಗುರುತು ಬೀಳುತ್ತದೆ, ಕುಲುಕಿದರೆ ಬಿರುಕು ಬಿಡುತ್ತದೆ. ಆಸ್ಪತ್ರೆಯ ಗೇಟಿನವರೆಗೆ ಇವು ಅಚ್ಚಿನ ಆಕಾರದಲ್ಲೇ ಕೂತಿದ್ದರೆ ಮಗಳೂ ಕೂತಂತೆ.

ಜೇಡಿಯ ದಾರಿಯಲ್ಲಿ ಗಾಡಿ ಹೊಯ್ದಾಡಲಿಲ್ಲ, ನಿಲ್ಲಲಿಲ್ಲ. ಹಿಂದಿನ ಚಕ್ರಗಳು ಮಣ್ಣನ್ನು ಕಿತ್ತು ಕಿತ್ತು ಎಸೆದವು. ಹೋದ ವರ್ಷ ಸಿಕ್ಕಿಕೊಂಡ ಜಾಗ ಯಾವಾಗ ದಾಟಿತು ಎಂಬುದೇ ತಿಳಿಯಲಿಲ್ಲ. ಡಾಂಬರು ಮುಟ್ಟಿದಾಗ ಪಕ್ಕಕ್ಕೆ ತಿರುಗಿ ನೋಡಿದ. ಇಟ್ಟಿಗೆಗಳು ಹಾಗೇ ಇದ್ದವು. ಒಂದರ ಮೂಲೆ ಕೂಡ ಜಗ್ಗಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಗುಡ್ಡ ಹತ್ತಿದ.

ಇಳಿಜಾರಿನ ಮೂರನೆಯ ತಿರುವೋ ನಾಲ್ಕನೆಯದೋ, ಎದುರಿಗೆ ಬಸ್ಸು ಬಂತು. ಅಂಥ ಅವಸರವೇನೂ ಇರಲಿಲ್ಲ, ಮೆಲ್ಲಗೇ ಬ್ರೇಕ್ ತುಳಿದ. ಮುಂಭಾಗ ಹಿಡಿದುಕೊಂಡಿತು. ಹಿಂಭಾಗ ಹಿಡಿಯಲಿಲ್ಲ. ಬೆನ್ನ ಹಿಂದೆ ಏನೋ ಹಗುರಾದಂತೆ ಆಯಿತು, ಗಾಡಿ ಅವನ ಕೈಯ ಮಾತು ಕೇಳದೆ ಸುತ್ತಿತು, ಗುಡ್ಡ ಎಡಕ್ಕಿದ್ದದ್ದು ಬಲಕ್ಕೆ ಬಂತು, ಬಸ್ಸಿನ ಹಾರ್ನ್ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಹಿಂಬದಿ ಹೋಗಿ ತಡೆಗೋಡೆಗೆ ಬಡಿದು ನಿಂತಾಗ ಗಾಡಿಯ ಮೂತಿ ಬಂದ ದಾರಿಯ ಕಡೆಗಿತ್ತು. ಗೋಡೆಯ ಆಚೆ ಏನೂ ಇರಲಿಲ್ಲ, ಬರೀ ಗಾಳಿ. ಅವನಿಗೆ ಮೈಯಲ್ಲಿ ಒಂದು ಗೀರೂ ಆಗಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಇಟ್ಟಿಗೆಗಳು ಡ್ಯಾಷ್‌ಬೋರ್ಡಿಗೆ ಅಪ್ಪಳಿಸಿ, ಕೆಳಗೆ ಕುಸಿದು, ಬರೀ ಮಣ್ಣಿನ ಮುದ್ದೆಯಾಗಿದ್ದವು. ಬೆಲ್ಟು ಮಾತ್ರ ಬಿಗಿದಿದ್ದ ಹಾಗೇ ಇತ್ತು. ಅವನು ಅದನ್ನು ನೋಡುತ್ತಾ ಕೂತ. ಬಸ್ಸಿನವರು ಇಳಿದು ಬಂದು ಬಾಗಿಲು ತಟ್ಟುವವರೆಗೂ ಎಂಜಿನ್ ಆರಿಸಬೇಕೆಂದು ಅವನಿಗೆ ತೋಚಲಿಲ್ಲ.

ಮನೆಗೆ ಹೇಗೋ ಬಂದ. ಅಂಗಳದಲ್ಲಿ ನಿಲ್ಲಿಸಿ, ಯಾರೂ ನೋಡುವ ಮೊದಲು ಸೀಟು ತೊಳೆಯಬೇಕೆಂದು ಬಕೆಟ್ ತರಲು ಹೋದ. ತಂದು ನೋಡಿದರೆ ಗಾಡಿಯ ಬಾಗಿಲು ತೆರೆದಿತ್ತು, ಮಗಳು ನಿಂತಿದ್ದಳು. ಅವಳ ಅಂಗೈಯಲ್ಲಿ ಒಂದು ಹಿಡಿ ಮಣ್ಣು. ಗೂಡಿನಲ್ಲಿ ಹುಟ್ಟಿ ಬೆಳೆದವಳಿಗೆ ಬಿಡಿಸಿ ಹೇಳಬೇಕಾದ್ದೇನಿತ್ತು? ಒದ್ದೆ ಗೋಣಿ, ಬೆಲ್ಟು, ನಜ್ಜುಗುಜ್ಜಾದ ಹಿಂಬದಿ, ಎಲ್ಲ ಕಂಡಿದ್ದಳು.

“ಇದು ನಾನು ಅಂತ ತಾನೇ ಕೂರಿಸಿದ್ದು?” ಎಂದಳು.

ರಿವರ್ಸಣ್ಣ ಬಕೆಟ್ ಕೆಳಗಿಟ್ಟ. ನಾಲ್ಕೂ ಒಂದೇ ಜಾತಿಯದು ಹಾಕಿಸುತ್ತೇನೆ, ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಇನ್ನೂ ದಿನ ಇದೆ, ಕೆಸರಿನದೇ ಹಾಕಿಸಿ ಗುಡ್ಡದ ಮೇಲೆ ನಡೆದಷ್ಟು ನಿಧಾನಕ್ಕೆ ಹೋದರೆ ಆಯಿತು ಎಂದು ಒಂದೇ ಉಸಿರಿಗೆ ಹೇಳತೊಡಗಿದ. ನೆಲ ನೋಡಿಕೊಂಡೇ ಹೇಳುತ್ತಿದ್ದ. ಮಗಳು ತಡೆಯಲಿಲ್ಲ. ಅವನ ಮಾತು ತಾನಾಗಿ ಬರಿದಾಗುವವರೆಗೆ ಕಾದಳು.

“ಅಪ್ಪಾ, ಆವತ್ತು ನಾನು ನಿನ್ನ ಎರಡು ಸಲ ಕರೆದೆ,” ಎಂದಳು. “ಮಗು ಆಡ್ತಾ ಇಲ್ಲ ಅಂದೆ. ನೀನು ಬಗ್ಗಿಕೊಂಡು ಟೈರ್ ಕೆರೀತಾ ಇದ್ದೆ. ಆಯ್ತು ಕಣಮ್ಮ ಬಂತು, ಆಯ್ತು ಬಂತು ಅಂತಾನೇ ಇದ್ದೆ. ಒಂದ್ಸಲ ತಲೆ ಎತ್ತಿ ನನ್ನ ಮುಖ ನೋಡಿದ್ದರೆ ಸಾಕಾಗಿತ್ತು ನನಗೆ. ಅಮ್ಮ ಅಳ್ತಾ ಇದ್ದಳು, ಇವರು ಟ್ರಾಕ್ಟರಿಗೆ ಓಡಿದ್ದರು. ನಾನು ಯಾರನ್ನ ನೋಡಲಿ?”

ಅವನಿಗೆ ಅದು ನೆನಪಿರಲಿಲ್ಲ. ಅದೇ ಅವನ ಎದೆಗೆ ಕೊಳ್ಳಿ ಇಟ್ಟದ್ದು. ಹಿಂದಿನ ಎಡಚಕ್ರದ ಪ್ರತಿಯೊಂದು ಸುತ್ತು ನೆನಪಿದೆ, ಮಗಳು ಕರೆದದ್ದು ನೆನಪಿಲ್ಲ. ಒಂದು ವರ್ಷದಿಂದ ತಾನು ಹೊತ್ತು ತಿರುಗಿದ್ದು ಟೈರಿನ ದುಃಖ, ಅವಳು ಹೊತ್ತದ್ದು ಬೇರೆಯದೇ.

ಟೈರ್ ಯಾವುದಾದರೂ ಹಾಕಿಸು, ನಾನು ಆ ಸೀಟಿನಲ್ಲಿ ಇನ್ನು ಕೂರುವುದಿಲ್ಲ ಎಂದಳು ಮಗಳು. ಸಿಟ್ಟಿನ ದನಿ ಇರಲಿಲ್ಲ. ಕೂತರೆ ಉಸಿರು ಕಟ್ಟುತ್ತದೆ, ಆವತ್ತಿನಿಂದಲೂ ಹಾಗೆ, ಹೇಳಿದರೆ ನಿನಗೆ ನೋವಾಗುತ್ತದೆಂದು ಹೇಳಿರಲಿಲ್ಲ ಎಂದಳು. ಮಳೆ ಎರಡು ದಿನ ಬಿಟ್ಟರೆ ನಡೆದುಕೊಂಡು ಹೋಗಿ ಬಸ್ ಹತ್ತುತ್ತೇನೆ, ಇವರ ಅಕ್ಕನ ಕೋಣೆಗೆ ಹೋಗುತ್ತೇನೆ. ಅವಳ ಬಾಯಿ ಕೆಟ್ಟದ್ದು, ನನಗೂ ಗೊತ್ತು. ಆದರೆ ಆಸ್ಪತ್ರೆ ಅವಳ ಕಿಟಕಿಗೆ ಕಾಣುತ್ತದೆ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂದೇ ಮಗಳ ಬಟ್ಟೆ ಚೀಲಕ್ಕೆ ತುಂಬಲು ಕೂತಳು. ರಿವರ್ಸಣ್ಣ ಅಡ್ಡ ಬರಲಿಲ್ಲ. ಗಾಡಿಯ ಕಡೆಗೂ ಹೋಗಲಿಲ್ಲ. ಗೋಡೆಗೆ ಒರಗಿ ಕೂತು, ಅವಳು ಒಂದೊಂದು ಬಟ್ಟೆ ಮಡಿಸುವುದನ್ನು ನೋಡುತ್ತಿದ್ದ. ಅವುಗಳಲ್ಲಿ ಹೋದ ವರ್ಷದ ಪುಟ್ಟ ಬಟ್ಟೆಗಳೂ ಇದ್ದವು, ಒಂದು ದಿನವೂ ತೊಡದವು. ಹೆಂಡತಿ ಅವನ್ನು ಚೀಲದ ಅಡಿಗೆ ಇಟ್ಟಳು, ಮತ್ತೆ ತೆಗೆದಳು, ಮತ್ತೆ ಇಟ್ಟಳು.

ಬಿಸಿಲು ಕಂಡ ದಿನ ಹೊರಟರು. ಅಳಿಯನಿಗೆ ಗೂಡಿನ ಬೆಂಕಿ ಬಿಟ್ಟು ಬರುವಂತಿರಲಿಲ್ಲ, ಇಟ್ಟಿಗೆ ಸುಟ್ಟು ಬೆಂಕಿ ಆರಿದ ಮೇಲೆ ಬರುತ್ತೇನೆಂದ. ಚೀಲ ಹೆಗಲಿಗೆ ಹಾಕಿಕೊಂಡು ರಿವರ್ಸಣ್ಣ, ಅವನ ತೋಳು ಹಿಡಿದು ಪಕ್ಕದಲ್ಲಿ ಮಗಳು. ದಾರಿಯ ಮೇಲ್ಪದರ ಆರಿದ್ದರೂ ಕೆಳಗೆ ಇನ್ನೂ ಹಸಿ. ಚಪ್ಪಲಿ ಕೈಗೆ ತೆಗೆದುಕೊಂಡು ಬರಿಗಾಲಲ್ಲಿ ನಡೆದ. ತಾನು ಗೊತ್ತು ಎಂದುಕೊಂಡಿದ್ದ ದಾರಿ ಕಾಲಿಗೆ ಹೊಸದಾಗಿತ್ತು. ಅವಳು ಅಲ್ಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು ಉಸಿರು ಬಿಡುತ್ತಿದ್ದಳು. ನಿಂತಾಗಲೆಲ್ಲ ಅವನಿಗೆ ಜೀವ ಹೋಗಿ ಬರುತ್ತಿತ್ತು. ಓಡಿಸಲು ಏನೂ ಇರಲಿಲ್ಲ, ಕೆರೆಯಲು ಏನೂ ಇರಲಿಲ್ಲ, ಮಾಡಲು ಇದ್ದದ್ದು ನಿಲ್ಲುವುದೊಂದೇ. ಅದರಷ್ಟು ಕಷ್ಟದ ಕೆಲಸವನ್ನು ಅವನು ಹುಟ್ಟಿದ ಮೇಲೆ ಮಾಡಿರಲಿಲ್ಲ.

ಬಸ್ಸು ಬಂತು. ಹತ್ತಿಸಿ ಇಳಿಯಬೇಕೆಂದಿದ್ದವನು ಇಳಿಯಲಿಲ್ಲ. ಕಂಡಕ್ಟರ್ ಕೇಳುವ ಮೊದಲೇ ಎರಡು ಟಿಕೆಟ್ ಎಂದ. ಆ ಬಾಯಿಬಡುಕಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ, ನಿಲ್ಲೋಣ ಎಂದುಕೊಂಡ. ಗುಡ್ಡದ ರಸ್ತೆ ಶುರುವಾಯಿತು. ಮಗಳು ಕಣ್ಣು ಮುಚ್ಚಿ ಕಿಟಕಿಗೆ ಒರಗಿದ್ದಳು, ಮುಖ ಬಿಳಿಚಿತ್ತು. ಅವನು ಆ ಮುಖವನ್ನೇ ನೋಡುತ್ತಿದ್ದ. ಹುಬ್ಬಿನ ಪಕ್ಕದಲ್ಲಿ ಒಂದು ಸಣ್ಣ ಗಂಟು ಬಿಗಿದಿತ್ತು, ಅದು ಯಾವಾಗ ಬಂತೋ.

ಬಹಳ ಹೊತ್ತಿನ ಮೇಲೆ, ಆಡ್ತಾ ಇದೆಯೇನಮ್ಮ ಎಂದು ಕೇಳಿದ. ದನಿ ಅವನದೆಂದು ಅವನಿಗೇ ಅನಿಸಲಿಲ್ಲ.

ಅವಳು ಕಣ್ಣು ತೆರೆಯದೆಯೇ ಅವನ ಕೈ ಹಿಡಿದು ಹೊಟ್ಟೆಯ ಪಕ್ಕಕ್ಕೆ ಇಟ್ಟುಕೊಂಡಳು. ಯಾವ ಗಾಡಿಯ ನಡುಕವಾದರೂ ಅಂಗೈಗೆ ತಾಗಿದರೆ ಸಾಕು, ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳಬಲ್ಲ ಕೈ ಅದು. ಈಗ ಅಂಗೈ ಕೆಳಗೆ ಸಣ್ಣಗೆ ಏನೋ ಮಿಡಿಯಿತು. ಅವನು ಅವಳ ಕಡೆ ಬಾಗಿದ.

“ಅದು ಬಸ್ಸಿನ ಇಂಜಿನ್ನು, ಅಪ್ಪಾ,” ಎಂದಳು ಮಗಳು. “ಕೈ ತೆಗೀಬೇಡ.”

ಅವನು ತೆಗೆಯಲಿಲ್ಲ.